ಅಪ್ಪನ್ನ ವೀಲ್‌ಚೇರಲ್ಲಿ ಕೆರೆ ಹತ್ರ ಕರ್ಕೊಂಡೋಗ್ಬೇಕು, ಕೋಲಾರ ಸುತ್ತಮುತ್ತ ದಾರಿ ಸರಿಯಾಗಿರೋ ಕೆರೆ ಯಾವ್ದಿದೆ?

ಕೋಲಾರದ ಮಗಳು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಟೈಮ್ ಇದ್ದಾಗ ಓದಿ ಗೊತ್ತಿದ್ದಿದ್ದು ಹೇಳಿ.

ಅಪ್ಪಂಗೆ ಈಗ 71. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಸ್ವಾಧೀನ ಇಲ್ಲ, ಮನೆ ಒಳಗಡೆ ಕೋಲು ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ತಾರೆ, ಹೊರಗಡೆ ಅಂದ್ರೆ ವೀಲ್‌ಚೇರೇ. ನಮ್ದು ಕೋಲಾರ ತಾಲ್ಲೂಕಲ್ಲೇ ಒಂದು ಹಳ್ಳಿ, ಈಗ ಅಪ್ಪ ಟೌನಲ್ಲಿ ನನ್ನ ಜೊತೆ ಇದಾರೆ. ನಾನು ಚಿಕ್ಕವಳಾಗಿದ್ದಾಗ ನಮ್ಮೂರ ಕೆರೆ ತುಂಬಿದ್ದು ನೋಡೇ ಇಲ್ಲ, ಹುಡುಗ್ರು ಅದರೊಳಗೆ ಕ್ರಿಕೆಟ್ ಆಡೋರು, ಮಿಕ್ಕಿದ ಜಾಗದಲ್ಲೆಲ್ಲ ಬಳ್ಳಾರಿ ಜಾಲಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕಡೆ ಕೆರೆಗಳಿಗೆ ಬಿಡೋದು, ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಅಲ್ಲಿಂದ ಕೆರೆಯಿಂದ ಕೆರೆಗೆ ಹರೀತಾ ಹರೀತಾ ಆಮೇಲೆ ನಮ್ಮೂರಿಗೂ ಬಂತು. ಅವತ್ತಿಂದ ಅಪ್ಪ ದಿನಾ ಬೆಳಿಗ್ಗೆ ಹಿಪ್ಪುನೇರಳೆ ತೋಟಕ್ಕೆ ಹೋಗೋಕೆ ಮುಂಚೆ ಏರಿ ಮೇಲೆ ಹೋಗಿ ಅರ್ಧ ಗಂಟೆ ನಿಂತು ಬರೋರು. ಕೇಳಿದ್ರೆ "ಏನಿಲ್ಲ, ನೀರು ನೋಡ್ಕೊಂಡು ಬಂದೆ" ಅನ್ನೋರು ಅಷ್ಟೇ.

ಈಗ ಚಿಕ್ಕಪ್ಪನ ಮಗ ಫೋನ್ ಮಾಡಿದಾಗೆಲ್ಲ ಅಪ್ಪ ಕೇಳೋದು ಒಂದೇ ಮಾತು, "ತೂಬಿನ ಕಲ್ಲು ಎಷ್ಟು ಕಾಣ್ತಾ ಇದೆ?" ತೂಬು ಅಂದ್ರೆ ಕೆರೆ ನೀರು ಹೊಲಕ್ಕೆ ಬಿಡೋ ಕಿಂಡಿ, ಅದರ ಕಲ್ಲು ಎಷ್ಟು ಮುಳುಗಿದೆ ಅನ್ನೋದ್ರಲ್ಲೇ ನೀರಿನ ಲೆಕ್ಕ. ಮಾತು ತೊದಲುತ್ತೆ, ಆದ್ರೂ ಇದನ್ನ ಮಾತ್ರ ಬಿಡಲ್ಲ.

ಹೋದ ತಿಂಗಳು ಒಂದು ಕೆರೆ ಪಾರ್ಕಿಗೆ ಕರ್ಕೊಂಡೋದೆ. ಯಾವ ಊರಿಂದು ಅಂತ ಬೇಡ. ಫೋಟೋದಲ್ಲಿ ವಾಕಿಂಗ್ ಪಾಥ್ ತುಂಬ ಚೆನ್ನಾಗಿ ಕಾಣ್ತಿತ್ತು. ಹೋಗಿ ನೋಡಿದ್ರೆ ಬಾಗಿಲಲ್ಲೇ ಬೈಕ್ ಬರಬಾರ್ದು ಅಂತ ಕಬ್ಬಿಣದ ಪೈಪನ್ನ ಸೊಟ್ಟಕ್ಕೆ ನೆಟ್ಟಿದಾರೆ, ಮನುಷ್ಯ ಅಡ್ಡಡ್ಡ ತಿರುಗಿ ನುಸುಳಬೇಕು. ಪಕ್ಕದಲ್ಲಿ ದೊಡ್ಡ ಗೇಟ್ ಇದೆ, ಬೀಗ ಹಾಕಿದೆ. ವಾಚ್‌ಮನ್ ಪಾಪ ಒಳ್ಳೆ ಮನುಷ್ಯ, ಆದ್ರೆ ಬೀಗದ ಕೈ ಆಫೀಸಲ್ಲಿದೆ, ಆಫೀಸಿಗೆ ಭಾನುವಾರ ರಜ. ವಾಕಿಂಗ್ ಬಂದಿದ್ದ ಇಬ್ರು ಹುಡುಗ್ರು ಅಪ್ಪನ್ನ ಎತ್ತಿ ಪೈಪಿನ ಆ ಕಡೆ ದಾಟಿಸಿದ್ರು, ಆಮೇಲೆ ಚೇರನ್ನ ಮಡಚಿ ಮೇಲಿಂದ ಕೊಟ್ರು. ಅವ್ರು ಪ್ರೀತಿಯಿಂದನೇ ಮಾಡಿದ್ದು. ಆದ್ರೆ ಇಡೀ ಊರಿಗೆ ಅಕ್ಕಿಮೂಟೆ ಹೊತ್ತು ಬದುಕಿದ ಮನುಷ್ಯ ಬೇರೆಯವರ ತೋಳಲ್ಲಿ ತಲೆ ತಗ್ಗಿಸ್ಕೊಂಡಿದ್ದು ನನ್ನ ಕಣ್ಣಿಂದ ಹೋಗ್ತಿಲ್ಲ. ಒಳಗೆ 20 ಅಡಿ ಹೋಗೋಷ್ಟರಲ್ಲಿ ದಪ್ಪ ಜಲ್ಲಿ, ಮುಂದಿನ ಚಿಕ್ಕ ಚಕ್ರ ಹೂತ್ಕೊಂತು. ಹೆಂಗೋ ನೀರಿನ ಹತ್ರ ಹೋದ್ರೆ ರೇಲಿಂಗಿನ ಪೈಪು ಸರಿಯಾಗಿ ಅಪ್ಪನ ಕಣ್ಣಿಗೆ ಅಡ್ಡ. ನಾನು ನಿಂತ್ಕೊಂಡು "ನೋಡಪ್ಪಾ ಎಷ್ಟೊಂದು ಹಕ್ಕಿ" ಅಂತಿದೀನಿ, ಅವರಿಗೆ ಕಾಣ್ತಿರೋದು ಪೈಪು. ಸ್ವಲ್ಪ ಹೊತ್ತಿಗೆ "ಮನೆಗೋಗಣ" ಅಂದ್ರು.

ನಂಗೆ ಬೇಕಾಗಿರೋದು ಇಷ್ಟೇ: ಕಾರಿಂದ ಇಳಿದು ಯಾರ ಕೈಲೂ ಎತ್ತಿಸ್ಕೊಳ್ದೆ ನೀರು ಕಾಣೋ ತನಕ ಹೋಗೋಕಾಗೋ ಜಾಗ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಲ್ಲಾದ್ರೂ ಸರಿ.

ಮೂರುಚಕ್ರ ಮಾಲೂರು

ಅಕ್ಕಾ, ನಂಗೆ ಪೋಲಿಯೋ, ಸೈಡ್ ವೀಲ್ ಸ್ಕೂಟರಲ್ಲಿ ಓಡಾಡ್ತೀನಿ, ಇಳಿದ್ರೆ ವೀಲ್‌ಚೇರ್. ನಿಮ್ಮಪ್ಪಂಗೆ ಆದದ್ದು ನಂಗೆ ಎಷ್ಟು ಸಲ ಆಗಿದೆ ಅಂತ ಲೆಕ್ಕ ಇಟ್ಟಿಲ್ಲ. ಎತ್ತೋರು ದೇವರಂಥೋರೇ ಇರ್ತಾರೆ, ಆದ್ರೆ ಎತ್ತಿಸ್ಕೊಳೋನಿಗೆ ಇನ್ನೊಂದ್ಸಲ ಆ ಜಾಗಕ್ಕೆ ಹೋಗೋ ಮನಸ್ಸೇ ಬರಲ್ಲ, ಇದು ಮನೆಯೋರಿಗೆ ಬೇಗ ಅರ್ಥ ಆಗಲ್ಲ. ನಿಮಗೆ ಅರ್ಥ ಆಗಿದೆ, ಅದಕ್ಕೇ ಬರೀತಿದೀನಿ.

ಮೊದಲು ಗೇಟಿನ ವಿಷಯ. ಸಾಮಾನ್ಯ ವೀಲ್‌ಚೇರಿನ ಅಗಲ ಎರಡೂಕಾಲು ಅಡಿ ಹತ್ರ, ಕೈಯಲ್ಲಿ ಚಕ್ರ ತಳ್ಳೋಕೆ ಮೊಣಕೈಗೂ ಜಾಗ ಬೇಕು. ನಡುವೆ 3 ಅಡಿ ಅಂದ್ರೆ 900 ಮಿಲಿಮೀಟರ್ ಸೊಟ್ಟ ಇಲ್ದೆ ನೇರ ಸಂದು ಬಿಟ್ರೆ ನಾವು ಹೋಗ್ತೀವಿ. ಬೈಕೂ ಹೋಗುತ್ತಲ್ಲ ಅಂತಾರೆ, ನಿಜ, ಹೋಗುತ್ತೆ. ಬೈಕ್ ತಡೆಯೋಕೆ ವಾಚ್‌ಮನ್ ಇದಾನೆ, ಫೈನ್ ಇದೆ. ನಮ್ಮನ್ನ ತಡೆದ್ರೆ ನಮಗೆ ಬೇರೆ ದಾರಿ ಇಲ್ಲ. ಬೀಗದ ಕೈ ವಾಚ್‌ಮನ್ ಹತ್ರ ಇರಬೇಕು ಅಂತ ಒಂದು ಆರ್ಡರ್ ಆದ್ರೂ ಸಾಕು, ಒಂದು ರೂಪಾಯಿ ಖರ್ಚಿಲ್ಲ.

ಕಾನೂನು ಹೇಳ್ತೀನಿ, ಅರ್ಜಿ ಕೊಡೋವಾಗ ಬೇಕಾಗುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದ್ರೆ ಆಫೀಸು ಆಸ್ಪತ್ರೆ ಮಾತ್ರ ಅಲ್ಲ, ಜನ ವಿರಾಮಕ್ಕೆ ಮನರಂಜನೆಗೆ ಬಳಸೋ ಜಾಗನೂ ಸೇರುತ್ತೆ. 2024ರ ನವೆಂಬರ್ 8ಕ್ಕೆ ಸುಪ್ರೀಂ ಕೋರ್ಟು ರಾಜೀವ್ ರತೂರಿ ಕೇಸಲ್ಲಿ, ಸುಗಮ ಪ್ರವೇಶದ ನಿಯಮ ಬರೀ ಸಲಹೆ ಥರ ಇದ್ರೆ ಸಾಲ್ದು, ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡ ಮಾಡಿ ಅಂತ ಕೇಂದ್ರಕ್ಕೆ ಹೇಳಿದೆ. ಅರ್ಜೀನ ಪಾರ್ಕ್ ಯಾರದ್ದೋ ಅವ್ರಿಗೆ ಕೊಟ್ಟು, ಒಂದು ಕಾಪಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳಿ.

ಜಲ್ಲಿ ಮೇಲೆ ಸಿಕ್ಕಾಕೊಂಡ್ರೆ ಮುಂದಕ್ಕೆ ತಳ್ಳಬೇಡಿ, ಚೇರನ್ನ ಹಿಂದುಮುಂದು ಮಾಡಿ ಎಳೀರಿ. ದೊಡ್ಡ ಚಕ್ರ ಮೊದಲು ಹೋಗುತ್ತೆ, ಚಿಕ್ಕ ಚಕ್ರ ಹೂತ್ಕೊಳಲ್ಲ. ಬೆಲ್ಟ್ ಹಾಕೋದು ಮರೀಬೇಡಿ.

ಶಿರಾ ಹುಣಸೆ

ಮೇಡಂ, ನಮ್ ಶಿರಾ ತಾಲ್ಲೂಕು ಕಗ್ಗಲಡುಗೆ ಬನ್ನಿ. ಅದು ಪಾರ್ಕಲ್ಲ, ಊರು. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ತವೆ, ಬೇಸಿಗೆ ಶುರುವಾಗೋ ಹೊತ್ತಿಗೆ ಮರದ ತುಂಬ ಹಕ್ಕಿನೇ. ಊರೋರು ಯಾರಿಗೂ ಕಲ್ಲು ಎಸಿಯೋಕೆ ಬಿಡಲ್ಲ, ಗಲಾಟೆ ಮಾಡಿದ್ರೆ ಬಯ್ದು ಕಳಿಸ್ತಾರೆ. ನಮ್ಮಜ್ಜಿಗೆ ಮಂಡಿನೋವು, ನಡಿಯೋಕಾಗಲ್ಲ, ಕಾರಿನ ಕಿಟಕಿ ಇಳಿಸಿ ಕೂತಲ್ಲೇ ಒಂದು ಗಂಟೆ ನೋಡಿದ್ರು. ಒಂದ್ ವಿಷಯ ಅವತ್ತು ಗೊತ್ತಾಯ್ತು, ಹಕ್ಕಿಗಳಿಗೆ ನಿಂತಿರೋ ಕಾರಿಂದ ಅಷ್ಟು ಭಯ ಇಲ್ಲ, ಮನುಷ್ಯ ಇಳಿದು ನಡೆದ್ರೆನೇ ಭಯ. ದೊಡ್ಡ ಕ್ಯಾಮೆರಾ ಹಿಡ್ಕೊಂಡು ಮರದ ಕೆಳಗೆ ಹೋದೋರಿಗಿಂತ ಅಜ್ಜೀನೇ ಚೆನ್ನಾಗಿ ನೋಡಿದ್ರು, ಒಂದು ಕೊಕ್ಕರೆ ಕೊಕ್ಕಲ್ಲಿ ಕಡ್ಡಿ ಕಚ್ಕೊಂಡು ಬಂದು ಗೂಡಲ್ಲಿದ್ದ ಜೋಡಿಗೆ ಕೊಡೋದು, ಅದು ಇಸ್ಕೊಂಡು ಸಂದಿಗೆ ಸಿಗಿಸೋದು, ಮತ್ತೆ ಹಾರಿಹೋಗೋದು. ಅಜ್ಜಿ ಕೊನೇಗೆ "ಇವಕ್ಕೂ ಮನೆ ಕೆಲ್ಸ ಮುಗಿಯಲ್ಲ ಕಣವ್ವ" ಅಂದ್ರು.

ಕಂದವಾರ ವಾಕರ್

ಚಿಕ್ಕಬಳ್ಳಾಪುರದಲ್ಲಿ ಕಂದವಾರ ಕೆರೆ ಇದೆ, ಕೆ.ಸಿ. ವ್ಯಾಲಿ ಥರದ್ದೇ ಎಚ್.ಎನ್. ವ್ಯಾಲಿ ನೀರು ಬಂದ ಮೇಲೆ ನೋಡೋಕೆ ಚೆಂದ. ಆದ್ರೆ ವೀಲ್‌ಚೇರಿಗೆ ಎಲ್ಲಿವರೆಗೂ ಆಗುತ್ತೆ ಅಂತ ಅಳತೆ ತಗೊಂಡು ಹೇಳ್ತೀನಿ, ಸುಮ್ನೆ ಬನ್ನಿ ಅಂದು ನಿಮ್ಮಪ್ಪಂಗೆ ಮತ್ತೆ ಬೇಜಾರು ಮಾಡೋಕೆ ಇಷ್ಟ ಇಲ್ಲ.

ಜೊಂಡುಹುಲ್ಲು

ಇಲ್ಲಿ ಎಲ್ರೂ ಒಂದೇ ಕಡೆ ಮಾತಾಡ್ತಿದೀರ, ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ, ಅಕ್ಕನ ಮೇಲೆ ಬೇಜಾರಿಂದ ಅಲ್ಲ. ನಾನು ಹದಿನೈದು ವರ್ಷದಿಂದ ಈ ಭಾಗದ ಕೆರೆಗಳಲ್ಲಿ ಹಕ್ಕಿ ನೋಡ್ತಿದೀನಿ. ವಾಕಿಂಗ್ ಪಾಥ್ ಅನ್ನೋ ಪದ ಕೇಳಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಯಾಕೆ ಅಂದ್ರೆ ಕೆರೆ ಅಭಿವೃದ್ಧಿ ಅಂತ ಜೆಸಿಬಿ ಬಿಟ್ಟು ಅಂಚಿನ ಮಣ್ಣೆಲ್ಲ ಬಗೆದು ಸುತ್ತ ಕಲ್ಲು ಕಟ್ಟಿ ಕೆರೇನ ಬಟ್ಟಲು ಮಾಡಿಬಿಡ್ತಾರೆ. ನಾಲ್ಕೂ ಕಡೆ ಒಂದೇ ಆಳ. ಹಂಗಾದ್ರೆ ಮುಳುಗಿ ಮೀನು ಹಿಡಿಯೋ ನೀರುಕಾಗೆ ಇರುತ್ತೆ, ಮಿಕ್ಕಿದ್ದು ಹೋಗುತ್ತೆ. ಬಣ್ಣದ ಕೊಕ್ಕರೆ ಆಳ ನೀರಿಗೆ ಇಳಿಯಲ್ಲ, ಕಾಲು ಮುಳುಗೋಷ್ಟು ನೀರಲ್ಲಿ ನಿಂತು ಕೊಕ್ಕನ್ನ ಅರ್ಧ ತೆರೆದು ನೀರಲ್ಲಿ ಆಡಿಸ್ತಾ ಇರುತ್ತೆ, ಮೀನು ತಾಕಿದ ತಕ್ಷಣ ಪಟ್ ಅಂತ ಮುಚ್ಚುತ್ತೆ, ಕಣ್ಣಲ್ಲಿ ನೋಡಿ ಹಿಡಿಯೋದಲ್ಲ ಅದು. ಮೆಟ್ಟುಗಾಲು ಹಕ್ಕಿಗೂ ಅಷ್ಟೇ, ಕೆಸರು ಬೇಕು. ಜಂಬುಕೋಳಿ ಗೂಡಿಗೆ ಜೊಂಡು ಬೇಕು. ಟಿಟ್ಟಿಭ ಅಂತೂ ಬರೀ ನೆಲದ ಮೇಲೆ ಗರಸಿನ ಕಲ್ಲುಗಳ ಮಧ್ಯೆ ಮೊಟ್ಟೆ ಇಡುತ್ತೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗಲ್ಲ, ಅದರ ಮೇಲೆ ಇಂಟರ್‌ಲಾಕ್ ಹಾಕಿ ಹೋಗಿರೋದು ನಾನೇ ನೋಡಿದೀನಿ.

ಈಗ ವಿಕಲಚೇತನರಿಗೆ ದಾರಿ ಅಂತ ಒಂದು ಕಾರಣ ಸಿಕ್ಕಿದ್ರೆ ಕಂಟ್ರಾಕ್ಟರ್‌ಗಳಿಗೆ ಹಬ್ಬ. ಕೆರೆ ಸುತ್ತ ಸಿಮೆಂಟ್ ಸುರೀತಾರೆ. ಕೊನೇಗೆ ಹಕ್ಕಿನೂ ಇರಲ್ಲ, ಅಪ್ಪಂಗೆ ಏನು ತೋರಿಸ್ತೀರ?

ಮೂರುಚಕ್ರ ಮಾಲೂರು

ಜೊಂಡುಹುಲ್ಲು ಸರ್, ನೀವು ಹೇಳಿದ ಹಕ್ಕಿ ವಿಷಯ ಒಪ್ತೀನಿ. ಆದ್ರೆ ಸುತ್ತ ಸಿಮೆಂಟ್ ಬೇಕು ಅಂತ ಇಲ್ಲಿ ಯಾರೂ ಕೇಳಿಲ್ಲ. ಮೂರು ಕಿಲೋಮೀಟರ್ ಸುತ್ತು ಹಾಕೋದು ನಿಮ್ಮಂಥ ವಾಕಿಂಗ್ ಮಾಡೋರ ಆಸೆ, ನಮ್ದಲ್ಲ. ನಂಗೆ 300 ಅಡಿ ಸರಿಯಾಗಿರೋ ದಾರಿ, ತುದೀಲಿ ಚೇರ್ ತಿರುಗಿಸೋಕೆ ಐದಡಿಗೆ ಐದಡಿ ಜಾಗ, ಅಲ್ಲಿ ಕೂತ್ರೆ ನೀರು ಕಾಣಬೇಕು. ಸಾಕು. ನೀವು ಕೆಸರಲ್ಲಿ ಇಳಿದು ಅರ್ಧ ಕಿಲೋಮೀಟರ್ ಹೋಗಿ ಫೋಟೋ ತಗೀತೀರ, ನಿಮ್ಮ ಕಾಲಿಗೆ ಹೆದರಿ ಎದ್ದುಹೋಗೋ ಹಕ್ಕಿ ಎಷ್ಟು ಅಂತ ಯೋಚನೆ ಮಾಡಿ. ನಾನು ಕೂತ ಕಡೆ ಕೂತಿರ್ತೀನಿ, ನನ್ನಿಂದ ಯಾವ ಗೂಡಿಗೂ ತೊಂದ್ರೆ ಇಲ್ಲ.

ಜೊಂಡುಹುಲ್ಲು

ಈ ಮಾತು ನನ್ನ ಮನಸ್ಸಿಗೆ ನಾಟ್ತು. 300 ಅಡಿ ಅಂದ್ರೆ ನಾನು ಮೊದಲು ಸಹಿ ಹಾಕ್ತೀನಿ. ಒಂದೇ ಶರತ್ತು, ಅದು ನೀರು ಒಳಗೆ ಬರೋ ಕಡೆ ಆಗಬಾರ್ದು, ಕೆರೆ ಅಂಗಳದ ಕಡೆ ಆಳ ಕಮ್ಮಿ, ಅದು ಹಕ್ಕಿಗಳದ್ದು. ರಾತ್ರಿ ಲೈಟೂ ಬೇಡ.

ಸೈಟ್ ಎಂಜಿನಿಯರ್ ತುಮಕೂರು

ನಾನು ಸಿವಿಲ್, ಕೆರೆ ಕೆಲಸ ಸ್ವಲ್ಪ ಮಾಡಿದೀನಿ. ನೀವಿಬ್ರೂ ಹೇಳ್ತಿರೋದು ಒಂದೇ ಜಾಗಕ್ಕೆ ಬಂದು ಸೇರುತ್ತೆ, ಏರಿ.

ಯೋಚನೆ ಮಾಡಿ, ನಮ್ಮ ಕಡೆ ಕೆರೆ ಅಂದ್ರೆ ಒಂದು ಕಡೆ ಏರಿ ಕಟ್ಟಿ ಹಳ್ಳದ ನೀರು ನಿಲ್ಲಿಸಿರೋದು. ಏರಿ ಪಕ್ಕ ನೀರು ಜಾಸ್ತಿ ಆಳ, ಎದುರುಗಡೆ ಅಂಗಳದ ಕಡೆ ಹೋಗ್ತಾ ಹೋಗ್ತಾ ತೆಳ್ಳಗಾಗಿ ಕೆಸರಾಗುತ್ತೆ. ಹಕ್ಕಿ ಮೇಯೋದು ಅಲ್ಲಿ. ಏರಿ ಮೇಲ್ಭಾಗ ಸಾಮಾನ್ಯವಾಗಿ ಮಟ್ಟಸವಾಗಿರುತ್ತೆ, ಎಷ್ಟೋ ವರ್ಷದಿಂದ ಗಾಡಿ ದನ ಓಡಾಡಿ ಗಟ್ಟಿಯಾಗಿರುತ್ತೆ, ಎತ್ತರದಲ್ಲಿರೋದ್ರಿಂದ ಕೂತೋರಿಗೂ ಇಡೀ ಕೆರೆ ಕಾಣುತ್ತೆ. ವೀಲ್‌ಚೇರಿಗೆ ಇದಕ್ಕಿಂತ ಒಳ್ಳೆ ದಾರಿ ಹೊಸದಾಗಿ ಮಾಡೋಕೇ ಆಗಲ್ಲ.

ಕಷ್ಟ ಇರೋದು ಏರಿ ಮೇಲೆ ಹತ್ತೋದ್ರಲ್ಲಿ. ರ‍್ಯಾಂಪಿನ ಇಳಿಜಾರು 12ಕ್ಕೆ 1, ಅದಕ್ಕಿಂತ ಕಡಿದಾಗಿರಬಾರ್ದು. ಏರಿ 10 ಅಡಿ ಎತ್ತರ ಅಂದ್ರೆ 120 ಅಡಿ ಉದ್ದದ ರ‍್ಯಾಂಪು, ಜೊತೆಗೆ ಪ್ರತಿ 30 ಅಡಿಗೆ ಒಂದು ಸಮತಟ್ಟು ಜಾಗ ನಿಂತು ಉಸಿರು ತಗೊಳೋಕೆ. ತಳ್ಳೋರಿಗೆ ಆರಾಮಾಗಬೇಕು ಅಂದ್ರೆ 20ಕ್ಕೆ 1, ಆವಾಗ 200 ಅಡಿ. ಇದಕ್ಕೆ ದುಡ್ಡು ಬೇಕು, ಅನುಮತಿ ಬೇಕು. ಯಾರೂ ಉತ್ಸಾಹದಲ್ಲಿ ಏರಿ ಕಡಿದು ರ‍್ಯಾಂಪ್ ಮಾಡೋಕೆ ಹೋಗ್ಬೇಡಿ ದಯವಿಟ್ಟು, ಏರಿ ಕಡಿದ್ರೆ ಜೋರು ಮಳೇಲಿ ಅಲ್ಲೇ ಒಡೆಯೋದು.

ಆದ್ರೆ ಅಕ್ಕಾ, ಒಂದು ವಿಷಯ ನೋಡಿ. ಪ್ರತಿ ಏರಿಗೂ ಎರಡು ತುದಿ ಇರುತ್ತೆ. ಮಧ್ಯದಲ್ಲಿ 10-15 ಅಡಿ ಎತ್ತರ ಇರೋ ಏರಿ ತುದೀಲಿ ದಿಣ್ಣೆಗೆ ಹೋಗಿ ಸೇರುತ್ತೆ, ಅಲ್ಲಿ ನೆಲನೂ ಏರಿನೂ ಒಂದೇ ಮಟ್ಟ. ಒಂದು ತುದೀಲಿ ಬಹಳ ಕಡೆ ಕೋಡಿ, ಅಂದ್ರೆ ಹೆಚ್ಚಾದ ನೀರು ಹೊರಗೆ ಹೋಗೋ ಜಾಗ, ಇರುತ್ತೆ, ಆ ಕಡೆ ಬೇಡ, ಕೋಡಿ ತಗ್ಗಿರುತ್ತೆ, ನೀರು ಹರೀತಿದ್ರೆ ಪಾಚಿ ಜಾರುತ್ತೆ. ಇನ್ನೊಂದು ತುದಿ ನೋಡಿ. ನಮ್ಮ ಜನ ಊರ ಹತ್ರ ಇರೋ ಮಧ್ಯಭಾಗದಿಂದ ಕಾಲುದಾರೀಲಿ ಹತ್ತಿ ಅಭ್ಯಾಸ, ಆ ತುದಿ ಯಾರ ಕಣ್ಣಿಗೂ ಬೀಳಲ್ಲ. ನಿಮ್ಮೂರ ಕೆರೇಲೂ ಇದ್ದೇ ಇರುತ್ತೆ. ನಿಮ್ಮ ಚಿಕ್ಕಪ್ಪನ ಮಗಂಗೆ ಹೇಳಿ, ಕಾರು ಆ ದಿಣ್ಣೆ ತನಕ ಬರುತ್ತಾ ಅಂತ ನೋಡಲಿ.

ನೆಲಕ್ಕೆ ಸಿಮೆಂಟ್ ಬೇಕಾಗಿಲ್ಲ. ಗರಸು ಹಾಕಿ ಮೇಲೆ ಕ್ರಷರ್ ಪುಡಿ ಎಳೆದು ನೀರು ಹೊಡೆದು ರೋಲರ್ ಬಿಟ್ರೆ ಚಕ್ರ ಚೆನ್ನಾಗಿ ಉರುಳುತ್ತೆ. ಅಡ್ಡ ಇಳಿಜಾರು 50ಕ್ಕೆ 1 ಇದ್ರೆ ಸಾಕು, ನೀರೂ ಹೋಗುತ್ತೆ, ಚೇರೂ ಒಂದು ಕಡೆಗೆ ಎಳಿಯಲ್ಲ. ರೇಲಿಂಗ್ ವಿಷಯ ನೀವು ಬರೆದಿದ್ದು ಓದಿ ನಂಗೆ ನಿಜವಾಗ್ಲೂ ಸಂಕಟ ಆಯ್ತು, ಯಾಕಂದ್ರೆ ನಾವು ಡ್ರಾಯಿಂಗ್ ಮಾಡೋವಾಗ ಬೀಳಬಾರ್ದು ಅನ್ನೋದೊಂದೇ ನೋಡ್ತೀವಿ. ಚೇರಲ್ಲಿ ಕೂತೋರ ಕಣ್ಣು ನೆಲದಿಂದ ಮೂರೂಮುಕ್ಕಾಲು ಅಡಿ ಹತ್ರ ಇರುತ್ತೆ, ನಮ್ಮ ರೇಲಿಂಗಿನ ಮೇಲಿನ ಪೈಪೂ ಅಲ್ಲೇ. ನಾಳೆಯಿಂದ ನಾನು ಡ್ರಾಯಿಂಗಲ್ಲಿ ಕೂತೋರ ಕಣ್ಣಿನ ಗೆರೆ ಹಾಕೇ ಹಾಕ್ತೀನಿ.

ಇನ್ನೊಂದು, ಅರ್ಜಿ ಕೊಡೋಕೆ ಮುಂಚೆ ಕೆರೆ ಯಾರದ್ದು ಅಂತ ತಿಳ್ಕೊಳಿ. ಅಚ್ಚುಕಟ್ಟು, ಅಂದ್ರೆ ಆ ಕೆರೆ ನೀರು ಉಣ್ಣೋ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ರೆ ಸಣ್ಣ ನೀರಾವರಿ ಇಲಾಖೆ, ಕಮ್ಮಿ ಇದ್ರೆ ಪಂಚಾಯತ್ ರಾಜ್ ಕಡೆ. ಇದು ಗೊತ್ತಿಲ್ದೆ ಜನ ವರ್ಷಗಟ್ಟಲೆ ತಪ್ಪು ಆಫೀಸಿಗೆ ಅಲೀತಾರೆ.

ಚಿಂತಾಮಣಿ ರೇಡಿಯೋ

ಎಲ್ರೂ ನೋಡೋದ್ರ ಬಗ್ಗೆ ಮಾತಾಡ್ತಿದೀರ, ನಾನು ಕೇಳೋದ್ರ ಬಗ್ಗೆ ಹೇಳಲಾ. ನಂಗೆ ದೃಷ್ಟಿ ಇಲ್ಲ, ಫೋನು ಓದಿ ಹೇಳುತ್ತೆ, ನಾನು ಮಾತಾಡಿ ಟೈಪ್ ಮಾಡಿಸ್ತೀನಿ, ತಪ್ಪಿದ್ರೆ ಹೊಟ್ಟೇಗೆ ಹಾಕ್ಕೊಳಿ.

ಅಕ್ಕನ ಮಗನ ಜೊತೆ ತಿಂಗಳಿಗೆ ಎರಡು ಸಲ ಕೆರೆ ಹತ್ರ ಹೋಗ್ತೀನಿ. ಸೂರ್ಯ ಹುಟ್ಟೋ ಹೊತ್ತಿಗೆ ಹೋಗ್ಬೇಕು, ಗಾಳಿ ಎದ್ದ ಮೇಲೆ ಏನೂ ಸರಿಯಾಗಿ ಕೇಳಲ್ಲ. ಮೊದಲು ಗುಳುಮುಳುಕ, ನೀರಲ್ಲಿ ಮುಳುಗಿ ಏಳೋ ಪುಟ್ಟ ಹಕ್ಕಿ, ಕುದುರೆ ಮರಿ ಕೆನೆದ ಹಾಗೆ ಕಿರ್ರ್ ಅಂತ ಉದ್ದಕ್ಕೆ, ಒಂದು ಕೂಗಿದ್ರೆ ಇನ್ನೊಂದು ಆ ಕಡೆಯಿಂದ ಉತ್ತರ ಕೊಡುತ್ತೆ, ಅದರಲ್ಲೇ ಕೆರೆ ಎಷ್ಟು ದೊಡ್ಡದು ಅಂತ ನಂಗೆ ಅಂದಾಜು ಸಿಗುತ್ತೆ. ನಾಮದ ಕೋಳಿ ಹಾರೋಕೆ ಮುಂಚೆ ನೀರಿನ ಮೇಲೆ ಓಡುತ್ತೆ ಪಟಪಟಪಟ ಅಂತ, ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ. ಮಿಂಚುಳ್ಳಿ ತಂತಿ ಮೇಲೆ ಕೂತು ಜೋರಾಗಿ ನಕ್ಕಂಗೆ ಕೂಗುತ್ತೆ. ಟಿಟ್ಟಿಭ ಬಡ್ಕೊಳೋಕೆ ಶುರು ಮಾಡ್ತು ಅಂದ್ರೆ ನಾಯಿನೋ ಮನುಷ್ಯನೋ ಬರ್ತಿದಾನೆ ಅಂತ ಅರ್ಥ, ನಂಗೆ ಅದು ಕಾಲಿಂಗ್ ಬೆಲ್ ಇದ್ದಂಗೆ.

ನನ್ನಂಥೋರಿಗೆ ದಾರೀಲಿ ಬೇಕಾಗಿರೋದು ದೊಡ್ಡದೇನಲ್ಲ. ನೀರಿನ ಕಡೆ ಅಂಚಲ್ಲಿ ನಾಲ್ಕು ಇಂಚು ಎತ್ತರದ ಕಟ್ಟು ಇದ್ರೆ ಕೋಲು ತಾಕುತ್ತೆ, ಅದನ್ನೇ ಹಿಡ್ಕೊಂಡು ನಾನೇ ನಡೀತೀನಿ, ಹುಡುಗನ ತೋಳು ಬೇಡ. ವೀಲ್‌ಚೇರೂ ಜಾರಿ ಆ ಕಡೆ ಹೋಗಲ್ಲ. ಬೆಂಚ್ ಹಾಕೋ ಕಡೆ ನೆಲ ಬೇರೆ ಥರ ಮಾಡಿದ್ರೆ ಕಾಲಿಗೆ ಗೊತ್ತಾಗುತ್ತೆ. ಬೋರ್ಡಲ್ಲಿ ಹಕ್ಕಿ ಚಿತ್ರ ಹಾಕ್ತಾರಲ್ಲ, ಅದನ್ನ ಉಬ್ಬಾಗಿ ಮಾಡಿಸಿ. ನಂಗೆ ಬಣ್ಣದ ಕೊಕ್ಕರೆ ಕೊಕ್ಕು ತುದೀಲಿ ಸ್ವಲ್ಪ ಕೆಳಗೆ ಬಾಗಿರುತ್ತೆ ಅಂತ ಗೊತ್ತಾಗಿದ್ದೇ ಒಬ್ರು ಮೇಷ್ಟ್ರು ಮಣ್ಣಲ್ಲಿ ಮಾಡಿ ಕೈಗೆ ಕೊಟ್ಟಾಗ, ಅಲ್ಲೀವರೆಗೂ ನೆಟ್ಟಗೆ ಅಂದ್ಕೊಂಡಿದ್ದೆ.

ಫಿಸಿಯೋ ಮುಳಬಾಗಿಲು

ಸ್ಟ್ರೋಕ್ ಆದೋರನ್ನ ಕರ್ಕೊಂಡೋಗೋವಾಗ ಕೆಲವು ವಿಷಯ ಮರೀಬಾರ್ದು. ಹೋಗೋಕೆ ಮುಂಚೆ ಟಾಯ್ಲೆಟ್ ಮುಗಿಸಿ, ಅಲ್ಲಿ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ, ಎಷ್ಟೋ ಜನ ಇದಕ್ಕೆ ಹೆದರಿನೇ ಆಚೆ ಬರಲ್ಲ. ಎಡಗೈನ ಮಡಿಲ ಮೇಲೆ ದಿಂಬಿಟ್ಟು ಕೂರಿಸಿ, ಚಕ್ರದ ಪಕ್ಕ ನೇತಾಡ್ತಾ ಇದ್ರೆ ಅವರಿಗೆ ಸ್ಪರ್ಶ ಗೊತ್ತಾಗ್ದೇ ಬೆರಳು ಸಿಕ್ಕಾಕೊಳುತ್ತೆ. ಇಳಿಜಾರಲ್ಲಿ ಇಳಿಸೋವಾಗ ನೀವು ಕೆಳಗಡೆ ಇದ್ದು ಚೇರ್ ಹಿಂದುಮುಂದಾಗಿ ಇಳಿಸಿ. ಬಲಗಡೆ ನೀರು ಬರೋ ಥರ ನಿಲ್ಲಿಸಿ ನೋಡಿ, ಎಡಗಡೆ ಸ್ವಾಧೀನ ಹೋದ ಕೆಲವರಿಗೆ ಎಡಗಡೆ ಇರೋದರ ಕಡೆ ಗಮನನೇ ಹೋಗಲ್ಲ, ಕಣ್ಣು ಸರಿ ಇದ್ರೂ ಕೂಡ. ಪಾರ್ಕಲ್ಲಿ ಅವರಿಗೆ ಹಕ್ಕಿ ಕಾಣದೇ ಇದ್ದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು, ನಿಮ್ಮ ಡಾಕ್ಟರ್ ಹತ್ರ ಒಂದ್ಸಲ ಕೇಳಿ.

ಕೆ.ಸಿ. ವ್ಯಾಲಿ ನೀರಿನ ಕೆರೆ ಅಂದ್ರಲ್ಲ, ಅದು ಎರಡು ಹಂತ ಶುದ್ಧ ಮಾಡಿದ ನೀರು, ಮೂರನೇ ಹಂತ ಬೇಕು ಅಂತ ನಮ್ಮ ಜಿಲ್ಲೆಯೋರು ಕೇಳ್ತಾನೇ ಇದಾರೆ. ನೋಡೋಕೆ ಭಯ ಇಲ್ಲ. ಆದ್ರೆ ಕೆಸರು ಚಕ್ರಕ್ಕೆ ಅಂಟುತ್ತೆ, ಚಕ್ರ ಹಿಡಿದ ಕೈಯಲ್ಲೇ ತಿಂಡಿ ತಿಂತೀವಿ. ಸೋಪು ನೀರು ಕಾರಲ್ಲಿ ಇಟ್ಕೊಳಿ.

ಕೋಲಾರದ ಮಗಳು

ಎಲ್ರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಹೋಗಿ ಬಂದ್ವಿ. ನಮ್ಮೂರ ಕೆರೇಗೇ.

ಎಂಜಿನಿಯರ್ ಸರ್ ಬರೆದಿದ್ದು ಓದಿದ ರಾತ್ರಿನೇ ಚಿಕ್ಕಪ್ಪನ ಮಗಂಗೆ ಫೋನ್ ಮಾಡ್ದೆ, "ಅಕ್ಕಾ ಮುನೇಶ್ವರನ ಗುಡಿ ಹಿಂದೆ ದಿಣ್ಣೆ ಇದೆಯಲ್ಲ, ಏರಿ ಅಲ್ಲಿಗೇ ಸೇರೋದು, ಟ್ರ್ಯಾಕ್ಟರ್ ಓಡಾಡುತ್ತೆ" ಅಂದ. ನಾನು ಆ ಊರಲ್ಲೇ ಹುಟ್ಟಿ ಬೆಳೆದೋಳು, ಆ ಕಡೆಯಿಂದ ಏರಿ ಹತ್ತಬಹುದು ಅಂತ ಒಂದು ದಿನನೂ ಹೊಳೆದಿರ್ಲಿಲ್ಲ. ಅವನೇ ಹಿಂದಿನ ದಿನ ಸನಿಕೆ ತಗೊಂಡು ಎರಡು ಕಡೆ ಟ್ರ್ಯಾಕ್ಟರ್ ಜಾಡು ಮುಚ್ಚಿದ, ಒಂದು ಕಡೆ ಬೇರು ಎದ್ದಿತ್ತು, ಅಲ್ಲಿಗೆ ಮನೇಲಿದ್ದ ಹಳೇ ಬಾಗಿಲ ಹಲಗೆ ಹಾಕಿದ. ಕಾರಿಂದ ಇಳಿದ ಜಾಗದಿಂದ ಹೊಂಗೆಮರದ ತನಕ ಹೆಜ್ಜೆ ಎಣಿಸ್ದೆ, 140.

ಬೆಳಿಗ್ಗೆ ಆರೂವರೆ. ಮಂಜು ಇನ್ನೂ ಪೂರ್ತಿ ಹೋಗಿರ್ಲಿಲ್ಲ. ಅಪ್ಪಂಗೆ ಮಫ್ಲರ್ ಸುತ್ತಿ, ಕೈ ಕೆಳಗೆ ದಿಂಬಿಟ್ಟು, ಫಿಸಿಯೋ ಮೇಡಂ ಹೇಳಿದ ಹಾಗೆ ನೀರು ಬಲಗಡೆ ಬರೋ ಥರ ನಿಲ್ಲಿಸ್ದೆ. ರೇಲಿಂಗ್ ಇಲ್ಲ ಅಂತ ಎರಡೂ ಬ್ರೇಕ್ ಹಾಕಿ ಚಕ್ರದ ಮುಂದೆ ಎರಡು ಕಲ್ಲಿಟ್ಟು ನಾನು ಹ್ಯಾಂಡಲ್ ಬಿಡ್ಲೇ ಇಲ್ಲ. ಅಪ್ಪ ಏನೂ ಮಾತಾಡ್ಲಿಲ್ಲ. ಐದು ನಿಮಿಷ ಆಗಿರಬಹುದು. ಎದುರುಗಡೆ ತೆಳ್ಳಗಿರೋ ನೀರಲ್ಲಿ ಬೆಳ್ಳಕ್ಕಿ ಸಾಲಾಗಿ ನಿಂತಿದ್ವು, ಮಧ್ಯೆ ನಾಲ್ಕು ಬಣ್ಣದ ಕೊಕ್ಕರೆ, ಜೊಂಡುಹುಲ್ಲು ಸರ್ ಹೇಳಿದ್ರಲ್ಲ ಕೊಕ್ಕು ತೆರೆದು ಆಡಿಸುತ್ತೆ ಅಂತ, ಹಂಗೇ ಮಾಡ್ತಿದ್ವು, ಅಷ್ಟು ದೂರದಿಂದನೂ ಬೆನ್ನ ಹತ್ರದ ಗುಲಾಬಿ ಗರಿ ಕಾಣ್ತಿತ್ತು.

ಅಪ್ಪ ಹಕ್ಕಿ ನೋಡ್ತಿರ್ಲಿಲ್ಲ. ತೂಬು ನೋಡ್ತಿದ್ರು. ನಮ್ಮ ಕೆರೇದು ಹಳೇ ಕಾಲದ ತೂಬು, ಎರಡು ಕಲ್ಲುಗಂಬ ನಿಲ್ಲಿಸಿ ಮಧ್ಯೆ ಮೆಟ್ಟಿಲ ಥರ ಅಡ್ಡಗಲ್ಲು ಕೂರಿಸಿದಾರೆ. ಚಿಕ್ಕಪ್ಪನ ಮಗ "ದೊಡ್ಡಪ್ಪಾ, ಒಂದು ಅಡ್ಡಗಲ್ಲು ಮುಳುಗಿದೆ ನೋಡು" ಅಂದ. ಅಪ್ಪ ತಲೆ ಆಡಿಸಿ ಬಲಗೈಯಲ್ಲಿ ಎರಡು ಬೆರಳು ತೋರಿಸಿದ್ರು. "ಎರಡು. ಕೆಳಗಿಂದು ನಿಂಗೊತ್ತಿಲ್ಲ. ನಾನು ಈಜಿ ಮುಟ್ಟಿದೀನಿ." ಇಷ್ಟುದ್ದ ಮಾತು ಸ್ಟ್ರೋಕ್ ಆದ್ಮೇಲೆ ಒಂದೇ ಉಸಿರಿಗೆ ಅವರ ಬಾಯಲ್ಲಿ ನಾನು ಕೇಳೇ ಇರ್ಲಿಲ್ಲ.

ಆಮೇಲೆ ಗುಳುಮುಳುಕ ಕೂಗ್ತು, ಚಿಂತಾಮಣಿ ಅಣ್ಣ, ನಿಮ್ಮಿಂದ ಗೊತ್ತಾಯ್ತು ಅದು ಅಂತ. ಅಪ್ಪಂಗೆ ಹೇಳ್ದೆ, "ನಂಗೊತ್ತಿಲ್ವಾ" ಅನ್ನೋ ಥರ ನೋಡಿದ್ರು. ಮುಕ್ಕಾಲು ಗಂಟೆ ಇದ್ವಿ. ಬಿಸಿಲೇರಿದ ಮೇಲೆ ನಾನೇ ಹೋಗಣ ಅಂದೆ, ಅವ್ರು ಇನ್ನೊಂದು ಸ್ವಲ್ಪ ಅಂದ್ರು.

ಊರಲ್ಲಿ ಇನ್ನೂ ಮೂರು ಮನೇಲಿ ನಡಿಯೋಕಾಗ್ದೇ ಇರೋರಿದಾರೆ, ಅವರ ಪೈಕಿ ಒಬ್ರು ನೀರಗಂಟಿ, ಅಂದ್ರೆ ಕೆರೆ ನೀರು ಹೊಲಗಳಿಗೆ ಹಂಚೋ ಕೆಲಸ ಮಾಡಿದ ತಾತ. ಆ 140 ಹೆಜ್ಜೆ ದಾರೀನ ಸರಿ ಮಾಡಿಸ್ಬೇಕು ಅಂತ ಪಂಚಾಯ್ತಿಗೆ ಅರ್ಜಿ ಬರೀತಿದೀನಿ. ಯಾರಾದ್ರೂ ಒಂದ್ಸಲ ನೋಡಿ ಕೊಡ್ತೀರಾ?

ಮೂರುಚಕ್ರ ಮಾಲೂರು

ಅಕ್ಕಾ, ನಂಗೆ ಕಳಿಸಿ. ಗ್ರಾಮ ಪಂಚಾಯ್ತಿ ಸ್ವಂತ ಆದಾಯದಲ್ಲಿ ಶೇ 5ರಷ್ಟು ವಿಕಲಚೇತನರಿಗೆ ಅಂತ ತೆಗೆದಿಡಬೇಕು, ಅದನ್ನ ಅರ್ಜೀಲಿ ಮೊದಲ ಸಾಲಲ್ಲೇ ಬರೀರಿ. ನಿಮ್ಮ ಪಂಚಾಯ್ತೀಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅವರನ್ನೂ ಜೊತೆಗೆ ಕರ್ಕೊಳಿ, ಆ ನಾಲ್ಕೂ ಮನೆಯೋರ ಸಹಿ ಹಾಕಿಸಿ.

ಸೈಟ್ ಎಂಜಿನಿಯರ್ ತುಮಕೂರು

ಅರ್ಜಿ ಜೊತೆ ಒಂದು ಕೈಚಿತ್ರ ಬೇಕಾಗುತ್ತೆ, ನಾನು ಮಾಡಿಕೊಡ್ತೀನಿ. 140 ಹೆಜ್ಜೆ ಅಂದ್ರೆ ಟೇಪ್ ಹಿಡಿದು ಸರಿಯಾಗಿ ಅಳೀಬೇಕು. ಬರೋ ಭಾನುವಾರ ಬರಬಹುದಾ?

ಜೊಂಡುಹುಲ್ಲು

ನಾನೂ ಬರ್ತೀನಿ. ದಾರಿ ಪಕ್ಕ ಗೂಡು ಏನಾದ್ರೂ ಇದೆಯಾ ಅಂತ ಮೊದಲು ನೋಡ್ಬಿಡಣ, ಟಿಟ್ಟಿಭ ಮೊಟ್ಟೆ ಇಡೋ ಕಾಲ ಶುರುವಾಗೋಕೆ ಮುಂಚೆ ಕೆಲಸ ಮುಗಿದ್ರೆ ಒಳ್ಳೇದು. ಹೊಂಗೆಮರ ಕಡೀಬಾರ್ದು ಅಂತ ಅರ್ಜೀಲಿ ಸೇರಿಸಿ.

ಚಿಂತಾಮಣಿ ರೇಡಿಯೋ

ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಹೇಳಿ, ಹುಡುಗನ್ನ ಕರ್ಕೊಂಡು ಬರ್ತೀನಿ.

ಕೋಲಾರದ ಮಗಳು

ಎಲ್ರೂ ಬನ್ನಿ. ಚಿಕ್ಕಮ್ಮ ತಿಂಡಿಗೆ ಕರ್ದಿದಾರೆ. ಹಿಂದಿನ ದಿನ ಮಳೆ ಬಂದ್ರೆ ಮಾತ್ರ ಮುಂದಕ್ಕೆ ಹಾಕಣ, ಮಣ್ಣು ಚಕ್ರಕ್ಕೆ ಮೆತ್ಕೊಳುತ್ತೆ. ಆರೂವರೆಗೆ ಮುನೇಶ್ವರನ ಗುಡಿ ಹಿಂದೆ. ಅಪ್ಪಂಗೆ ಹೇಳಿದೀನಿ, ಆರು ಗಂಟೇಗೇ ಹೋಗಣ ಅಂತಿದಾರೆ.